ಶಕುನಿಯ ಮೊಳಕೈ

ವಿಜಯಪುರ
23 ಫೆಬ್ರುವರಿ 2025, ರವಿವಾರ

ಇವತ್ತು ನಾಟಕದ ತಾಲೀಮಿನಲ್ಲಿ ದುರ್ಯೋಧನ ಮತ್ತೆ ಅದೇ ಜಾಗದಲ್ಲಿ ನಿಂತುಬಿಟ್ಟ. ಮಾತು ಮರೆತು ಅಲ್ಲ. ಮಾವನ ಹೆಗಲ ಮೇಲೆ ಕೈ ಹಾಕಿ ಹೇಳಬೇಕಾದ ಮಾತು ಅದು. ಮಾವ ಅಂದರೆ ಶಕುನಿ, ಶಕುನಿ ಅಂದರೆ ನಾನು. ಕೈ ಎತ್ತುತ್ತಾನೆ, ಅರ್ಧಕ್ಕೆ ಇಳಿಸುತ್ತಾನೆ, ನಾಟಕ ಕಲಿಸುವ ಮಾಸ್ತರ ಮುಖ ನೋಡುತ್ತಾನೆ.

"ಏನಪಾ, ಮಾಮಾಗ ಮೈಲಿ ಎದ್ದಾವೇನು, ಮುಟ್ಟಾಕ ಒಲ್ಲಿ?" ಅಂದರು ಮಾಸ್ತರು. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಹಂಗಲ್ರೀ ಸರ್, ನಾಳೆ ಮಂದಿ ನೋಡ್ತಾರ. ಹೆಣ್ಮಗಳ ಹೆಗಲ ಮ್ಯಾಲ ಕೈ ಅಂದ್ರ..."

ಕೆಟ್ಟವನಲ್ಲ. ನನ್ನನ್ನು ತಂಗಿ ಅಂತಲೇ ಮಾತಾಡಿಸುತ್ತಾನೆ, ತಾಲೀಮಿಗೆ ಬರುವಾಗ ಎಲ್ಲರಿಗೂ ಚಹಾದ ಥರ್ಮಾಸ್ ತರುತ್ತಾನೆ. ಆದರೆ ಹೋದ ವರ್ಷದ ಸಾಮಾಜಿಕ ನಾಟಕದಲ್ಲಿ ಹೊರಗಿನಿಂದ ಕರೆಸಿದ ನಾಯಕಿಯ ಸೊಂಟ ಹಿಡಿದು ಇವನೇ ಕುಣಿದಿದ್ದ. ಆವಾಗ ಮಂದಿ ಕಣ್ಣು ಮುಚ್ಚಿಕೊಂಡಿದ್ದರಾ? ಕೇಳಬೇಕು ಅಂತ ನಾಲಿಗೆ ತುದಿವರೆಗೂ ಬಂತು. ಸುಮ್ನೆ ನುಂಗಿಕೊಂಡೆ. ಈಗ ಜಗಳ ಮಾಡಿದರೆ ಪಾತ್ರಕ್ಕೇ ಕುತ್ತು.

ನಾಟಕ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'. ಮಾರ್ಚ್ 27ಕ್ಕೆ, ವಿಶ್ವ ರಂಗಭೂಮಿ ದಿನದಂದು ಆಡೋದು. ಅದೂ ಅವರದೇ ಹೆಸರಿನ ರಂಗಮಂದಿರದಲ್ಲಿ. ಈ ಸೀಮೆಯಲ್ಲಿ 'ರಕ್ತರಾತ್ರಿ' ಗೊತ್ತಿಲ್ಲದ ಹಳ್ಳಿ ಕಡಿಮೆ. ಜಾತ್ರೆ ಬಂತು ಅಂದರೆ ಯಾರೋ ಒಬ್ಬರು ಶಕುನಿಯ ಕುಹಕದ ನಗು ನಗುತ್ತಾ ಓಡಾಡುತ್ತಿರುತ್ತಾರೆ. ಕಂದಗಲ್ಲರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಅಂತಾರೆ. ಆ ಬಿರುದು ನನಗೆ ಅಷ್ಟಾಗಿ ಹಿಡಿಸಲ್ಲ, ಅವರು ಕಂದಗಲ್ಲರಾಗಿದ್ದರೆ ಸಾಲದಾ? ಅವರ ಮಾತು ಮಾತ್ರ ಸುಲಭದ್ದಲ್ಲ. ಶುರುವಾದರೆ ಮುಗಿಯೋದೇ ಇಲ್ಲ, ಪ್ರಾಸದ ಮೇಲೆ ಪ್ರಾಸ. ನಡುವೆ ಉಸಿರು ಎಲ್ಲಿ ಎಳೆಯಬೇಕು ಅಂತ ಗೊತ್ತಿಲ್ಲದಿದ್ದರೆ ಅರ್ಧದಲ್ಲೇ ಕೆಮ್ಮು ಬರುತ್ತೆ. ನನ್ನ ಪುಸ್ತಕದ ತುಂಬ ಪೆನ್ಸಿಲ್ ಗೀಟುಗಳು. ಒಂದು ಗೀಟು ಅಂದರೆ ಕಳ್ಳ ಉಸಿರು, ಎರಡು ಗೀಟು ಅಂದರೆ ತುಂಬು ಉಸಿರು.

ನನಗೆ ಶಕುನಿಯೇ ಯಾಕೆ ಬೇಕಿತ್ತು ಅಂತ ಎಲ್ಲರೂ ಕೇಳುತ್ತಾರೆ. ಉತ್ತರೆ ಇದ್ದಾಳೆ, ದ್ರೌಪದಿ ಇದ್ದಾಳೆ. ಇದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶಕುನಿಯನ್ನು ನೋಡಿದಾಗೆಲ್ಲ ನನಗೆ ಅನಿಸಿದ್ದು ಒಂದೇ. ಒಡಹುಟ್ಟಿದ ಗಾಂಧಾರಿಯ ಗಂಡನ ಮನೆಯಲ್ಲಿ ಕೂತು, ಒಳಗೆ ಬೆಂಕಿ ಇಟ್ಟುಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು ವರ್ಷಗಟ್ಟಲೆ ಬದುಕಿದವನು. ಅಪ್ಪನ ಎಲುಬಿನಿಂದ ದಾಳ ಮಾಡಿಕೊಂಡ ಅನ್ನೋ ಕತೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಬೇರೆಯವರ ಮನೆಯಲ್ಲಿ ನಕ್ಕೊಂಡು ಇರೋದು, ಸಿಟ್ಟು ಮುಖಕ್ಕೆ ಬಾರದ ಹಾಗೆ ನೋಡಿಕೊಳ್ಳೋದು... ಇದನ್ನು ಗಂಡಸರು ತಾಲೀಮು ಮಾಡಿ ಕಲಿಯಬೇಕು. ನಮ್ಮ ಮನೆಯ ಹೆಂಗಸರಿಗೆ ಹೊಸದಾಗಿ ಕಲಿಸಬೇಕಾ?

ಇದನ್ನು ಮಾಸ್ತರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಓದಿ ತೋರ್ಸು ಮೊದ್ಲ" ಅಂದಿದ್ದರು, ಅಷ್ಟೇ.

ಹೋದ ವರ್ಷದ ಕತೆ ಬೇರೆ. ಆಗ ನನಗೆ ನಾಯಕಿಯ ತಂಗಿಯ ಪಾತ್ರ ಸಿಕ್ಕಿತ್ತು. ಮಾತೆಲ್ಲ ಬಾಯಿಪಾಠ. ಆದರೆ ತಾಲೀಮು ಶುರುವಾಗುತ್ತಿದ್ದದ್ದೇ ರಾತ್ರಿ ಒಂಬತ್ತಕ್ಕೆ. ಗಂಡಸರು ಅಂಗಡಿ ಮುಚ್ಚಿ, ಆಫೀಸ್ ಮುಗಿಸಿ, ಊಟ ಮಾಡಿ ಬರಬೇಕಲ್ಲ. ಅಪ್ಪ ಎಪಿಎಂಸಿಯಲ್ಲಿ ಒಣದ್ರಾಕ್ಷಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸೀಜನ್‌ನಲ್ಲಿ ಅವರು ಮನೆಗೆ ಬರೋದೇ ರಾತ್ರಿ. ಮತ್ತೆ ಹೊರಟು ಗಾಂಧಿ ಚೌಕದವರೆಗೆ ಬಂದು ಹನ್ನೊಂದೂವರೆಗೆ ನನ್ನನ್ನು ಕರೆದುಕೊಂಡು ಹೋಗುವಷ್ಟು ತ್ರಾಣ ಅವರಲ್ಲಿ ಎಲ್ಲಿಂದ ಬರಬೇಕು? ಒಂದು ವಾರ ಬಂದರು. ಆಮೇಲೆ ಓಣಿಯಲ್ಲಿ ಯಾರೋ ಏನೋ ಅಂದರು. ಪಾತ್ರ ಹೋಯಿತು.

ಯಾರೂ ನನಗೆ 'ನೀನು ಹುಡುಗಿ, ಬರಬೇಡ' ಅನ್ನಲಿಲ್ಲ. ಎಲ್ಲರೂ ಒಳ್ಳೆಯವರೇ. ಗಡಿಯಾರ ಮಾತ್ರ ಗಂಡಸರ ಕಡೆ ಇತ್ತು. ಕಾಲೇಜಿನಲ್ಲೂ ನನ್ನ ಜೊತೆಯ ಎಷ್ಟೋ ಹುಡುಗಿಯರು ನಾಟಕ ಬಿಟ್ಟಿದ್ದು ಆಸಕ್ತಿ ಇಲ್ಲದೆ ಅಲ್ಲ. ಹಾಸ್ಟೆಲ್ ಗೇಟು, ಕೊನೆ ಬಸ್ಸು, ಕರೆದುಕೊಂಡು ಹೋಗೋಕೆ ಅಣ್ಣ ಇದ್ದಾನಾ ಇಲ್ವಾ, ಇವೇ ತೀರ್ಮಾನ ಮಾಡುತ್ತವೆ. ಹೆಗ್ಗೋಡಿನಲ್ಲಿ ನೀನಾಸಂನವರು 1980ರಿಂದ ರಂಗಶಿಕ್ಷಣ ಕೊಡುತ್ತಿದ್ದಾರೆ. ಅಲ್ಲಿಗೆ ಅರ್ಜಿ ಹಾಕುತ್ತೇನೆ ಅಂದಾಗಲೂ ಮನೆಯಲ್ಲಿ ಮೊದಲು ಬಂದ ಪ್ರಶ್ನೆ ಏನು ಕಲಿಸುತ್ತಾರೆ ಅಂತ ಅಲ್ಲ. ರಾತ್ರಿ ಎಷ್ಟೊತ್ತಿನವರೆಗೆ ತಾಲೀಮು ಇರುತ್ತೆ ಅಂತ! ಅರ್ಜಿ ಅಲ್ಲಿಗೇ ನಿಂತಿತು. ಈ ಬೇಸಿಗೆಗೆ ಮತ್ತೆ ಮಾತು ತೆಗೆಯಬೇಕು.

ನನ್ನ ಬದಲು ಆ ಪಾತ್ರಕ್ಕೆ ಬಂದವರ ಬಗ್ಗೆಯೂ ಬರೆಯಬೇಕು. ಹಳ್ಳಿ ನಾಟಕಗಳಿಗೆ ದುಡ್ಡು ತೆಗೆದುಕೊಂಡು ಬರುವ ಕಲಾವಿದೆ. ಎರಡು ದಿನ ಮುಂಚೆ ಬಂದರು, ಪುಸ್ತಕ ತಿರುವಿ ಹಾಕಿದರು, ಎಲ್ಲ ಮಾತು ತಲೆಯಲ್ಲಿ. ನಾನು ಮುಖ ಊದಿಸಿಕೊಂಡೇ ಅವರಿಗೆ ಮೇಕಪ್ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. "ಇವತ್ತ ಇಲ್ಲಿ, ನಾಳೆ ಇಂಡಿ ಕಡೆ, ನಾಡದ ಎಲ್ಲೋ. ಬಸ್ಸಿನಾಗನ ನಿದ್ದಿ ಮಾಡೂದು" ಅಂದರು. ತುಟಿಗೆ ಬಣ್ಣ ಹಚ್ಚುತ್ತಾ ಕನ್ನಡಿಯಲ್ಲೇ ನನ್ನನ್ನು ನೋಡಿ, "ನೀ ಮುಂದ ಬಂದ್ರ ಒಂದ ಮಾತು ನೆನಪಿಡು ತಂಗಿ, ಅಡ್ವಾನ್ಸ್ ಇಸ್ಕೊಳ್ಳಾರದ ಬಣ್ಣ ಹಚ್ಚಬ್ಯಾಡ" ಅಂದರು. ಅವರನ್ನು ಹಿಂದಿನಿಂದ 'ನಾಟಕದಾಕಿ' ಅನ್ನುವವರೇ ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದರು. ಆ ರಾತ್ರಿಯ ನಂತರ ನನ್ನ ಸಿಟ್ಟು ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಯಿತು.

ಈ ಸಲ ಶಕುನಿ ಮಾಡುತ್ತಿದ್ದವರಿಗೆ ಬೇರೆ ಊರಿಗೆ ವರ್ಗ ಆಯಿತು. ನಾನು ಕೇಳಿದೆ. ತಂಡದಲ್ಲಿ ಗದ್ದಲ. "ಜನ ನಗ್ತಾರ." ನಗಲಿ ಬಿಡಿ, ಶಕುನಿ ಮೊದಲು ನಗಿಸಬೇಕು, ಆಮೇಲೆ ಹೆದರಿಸಬೇಕು. "ಹೆಣ್ಣ ದನಿ ಹಿಂದಿನ ಸಾಲಿಗೆ ಮುಟ್ಟಂಗಿಲ್ಲ." ಇದಕ್ಕೆ ಉತ್ತರ ಕೊಟ್ಟವರು ನಮ್ಮ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವವರು. ಯಾವಾಗಲೂ ಮಾತೇ ಆಡದ ಮುದುಕ. ಪೇಟಿಯ ಒಂದು ಕರಿ ಮನೆ ಒತ್ತಿ ಹಿಡಿದು ಹೇಳಿದರು: "ಮೈಕ್ ಇಲ್ಲದ ಕಾಲದಾಗ ಕಂಪನಿ ಗಂಡಸ್ರು ಕರಿ ನಾಕರಾಗ ಹಾಡ್ತಿದ್ರು. ಯಾಕ? ಎತ್ತರದ ಸುರನ ದೂರ ಹೋಗತೈತಿ. ಇಕಿಗಿ ದೇವ್ರ ಪುಕಟ ಕೊಟ್ಟಾನ, ನಿಮಗ ಗಂಟಲಾ ಹರ್ಕೋಬೇಕು." ಗದ್ದಲ ಅಲ್ಲಿಗೆ ಮುಗಿಯಿತು. ಪೂರ್ತಿ ಅಲ್ಲ, ಆದರೂ ಮುಗಿಯಿತು.

ಗೋಲಗುಂಬಜಿನಲ್ಲಿ ಹೋಗಿ ದನಿ ಸಾಧನೆ ಮಾಡ್ತೀಯಾ ಅಂತ ಹೊರಗಿನ ಊರಿನ ಗೆಳತಿಯರು ಕೇಳುತ್ತಾರೆ. ಇಲ್ಲಪ್ಪ. ಅಲ್ಲಿ ಪಿಸುಗುಟ್ಟಿದರೂ ವಾಪಸ್ ಬರುತ್ತೆ, ಅಂಥ ಕಡೆ ಯಾರು ಬೇಕಾದರೂ ನಟರಾಗಬಹುದು. ನಾನು ಮಾಡೋದು ಮನೆಯ ಮಾಳಿಗೆ ಮೇಲೆ. ಗೋಡೆಗೆ ಬೆನ್ನು ಹಚ್ಚಿ, ಹೊಕ್ಕಳಿಂದ ಉಸಿರು ತೆಗೆದು. ಪಕ್ಕದ ಮನೆಯ ನಾಯಿ ಮೊದಮೊದಲು ಬೊಗಳುತ್ತಿತ್ತು, ಈಗ ಬಿಟ್ಟಿದೆ.

ಪಾತ್ರದ ಜೊತೆಗೆ ಇನ್ನೊಂದನ್ನೂ ಕೇಳಿದ್ದೆ. ತಾಲೀಮು ಬೆಳಿಗ್ಗೆ ಆರಕ್ಕೆ ಆಗಬೇಕು. ಗಾಂಧಾರಿ, ಉತ್ತರೆ ಮಾಡುವವರೂ ಜೊತೆಗೆ ನಿಂತರು. ಪಾತ್ರಕ್ಕಿಂತ ಇದಕ್ಕೇ ಜಾಸ್ತಿ ವಿರೋಧ ಬಂತು ಅಂದರೆ ನಂಬಬೇಕು. "ಅಷ್ಟ ಲಗೂನ ಯಾಂವ ಏಳ್ತಾನ?" ಅಂದವರು ಈಗ ಆರೂಕಾಲಿಗೆ ಕಣ್ಣು ಉಜ್ಜುತ್ತಾ ಬರುತ್ತಾರೆ. ಭೀಮ ಒಬ್ಬನಂತೂ ಇವತ್ತಿಗೂ ಏಳಕ್ಕೇ ಬರೋದು. ಅವನ ಮಾತು ನಾವೇ ಹೇಳಿಕೊಂಡು ಮುಂದೆ ಹೋಗುತ್ತೇವೆ.

ಇನ್ನು ಕಾಕಾ, ನನ್ನ ಚಿಕ್ಕಪ್ಪ.

ಬಾದಾಮಿ ಕಡೆಯ ನಮ್ಮ ಹಳ್ಳಿಯಲ್ಲಿ ಕಾಕಾ ಅಂದರೆ ದ್ರೌಪದಿ. ವಯಸ್ಸಿನಲ್ಲಿದ್ದಾಗ ಊರ ಜಾತ್ರೆಯ ನಾಟಕಗಳಲ್ಲಿ ಹೆಣ್ಣಿನ ಪಾತ್ರಗಳೆಲ್ಲ ಅವರವೇ. ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು ತೆಗೆಸಿದ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಸಣ್ಣವಳಿದ್ದಾಗ ನನ್ನನ್ನು ಬನಶಂಕರಿ ಜಾತ್ರೆಗೆ ಕರೆದುಕೊಂಡು ಹೋಗಿ ಕಂಪನಿ ನಾಟಕ ತೋರಿಸಿದವರೂ ಅವರೇ. ಬನದ ಹುಣ್ಣಿಮೆಗೆ ಅಲ್ಲಿ ಸಾಲಾಗಿ ಕಂಪನಿ ಥೇಟರುಗಳು ಏಳುತ್ತವೆ, ತಿಂಗಳ ತನಕ ನಡೆಯುತ್ತವೆ. ಈಗಿನ ಕಂಪನಿಗಳ ಎರಡರ್ಥದ ಜೋಕು ನನಗೆ ಸೇರಲ್ಲ. ಆದರೆ ಒಂದು ಆಟ ಮುಗಿಸಿ ಅದೇ ಬಣ್ಣದಲ್ಲಿ ಇನ್ನೊಂದು ಆಟಕ್ಕೆ ನಿಲ್ಲುವ ಆ ಹೆಂಗಸರನ್ನು ನೋಡಿಯೇ ನನಗೆ ಈ ಹುಚ್ಚು ಹಿಡಿದಿದ್ದು. ಹುಚ್ಚು ಹಿಡಿಸಿದ ಕಾಕಾನೇ ಈಗ, "ನಮ್ಮ ಮನಿ ಹೆಣ್ಣುಡುಗಿ ಸ್ಟೇಜ್ ಮ್ಯಾಲ ಬ್ಯಾಡ" ಅಂತಾರೆ.

ಮೊನ್ನೆ ಫೋನಿನಲ್ಲಿ ವಾದಕ್ಕೆ ಬಿದ್ದೆ. ಸವದತ್ತಿ ಸೀಮೆಯ ರಂಗನಟ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿದವರು, ಸಣ್ಣ ಹುಡುಗನಿದ್ದಾಗ ಹೆಣ್ಣಿನ ಪಾತ್ರ ಮಾಡಿಯೇ ಹೆಸರು ತೆಗೆದರು, 2017ರಲ್ಲಿ ತೀರಿಕೊಳ್ಳುವವರೆಗೂ ನಾಡೇ ಕೈ ಮುಗಿಯಿತು. ಗಂಡಸು ಹೆಣ್ಣಾದರೆ ಕಲೆ, ಹೆಣ್ಣು ಗಂಡಸಾದರೆ ಯಾಕೆ ಮರ್ಯಾದೆಯ ಪ್ರಶ್ನೆ? "ಬಾಳಪ್ಪನೋರ ಮಾತ ಬ್ಯಾರೆ" ಅಂದರು. ಸರಿ, ಹಾಡುಗಾರ್ತಿ, ನಟಿ ಅಂತ ಹೆಸರಾದ ನಿಮ್ಮ ಬೀಳಗಿ ಅಮೀರಬಾಯಿ? ಅವರಕ್ಕ ಗೋಹರಬಾಯಿ ಹೆಸರಾಂತ ನಟ ಬಾಲಗಂಧರ್ವರ ಜೊತೆ ಮರಾಠಿ ರಂಗದ ಮೇಲೆ ನಿಲ್ಲಲಿಲ್ವಾ? "ಅವ್ರು ನಮ್ಮ ಜಿಲ್ಲಾದ ಹೆಮ್ಮಿ" ಅಂದರು ಕಾಕಾ, ಒಂದು ಕ್ಷಣವೂ ತಡಮಾಡದೆ. ಅಂದರೆ ಸತ್ತ ಮೇಲೆ ಹೆಮ್ಮೆ, ಬದುಕಿರುವಾಗ ನಾಟಕದಾಕಿ. ಇದನ್ನೂ ಹೇಳಿಯೇಬಿಟ್ಟೆ. ಫೋನ್ ಇಟ್ಟರು.

ನಿನ್ನೆ ಸಂಜೆ ಹೇಳದೆ ಕೇಳದೆ ಬಸ್ಸು ಹತ್ತಿ ಬಂದರು! ದವಾಖಾನೆಗೆ ತೋರಿಸಬೇಕು ಅನ್ನೋ ನೆಪ. ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಹೊರಟರೆ, ತಲೆಗೆ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ನಡಿ, ಅದೇನ್ ಮಾಡ್ತಿ ನೋಡೇ ಬಿಡ್ತೀನಿ."

ತಾಲೀಮಿನ ಹಾಲ್‌ನಲ್ಲಿ ಮೂಲೆಯ ಬೆಂಚಿನ ಮೇಲೆ ಕೂತರು. ಮೊದಲ ದೃಶ್ಯ ಮುಗಿಯುವವರೆಗೆ ಎಲೆ ಅಡಿಕೆ ಜಗಿಯುತ್ತಾ ಸುಮ್ಮನೆ ನೋಡಿದರು. ದುರ್ಯೋಧನ ಹೆಗಲ ಹತ್ತಿರ ಬಂದು ನಿಂತಾಗ ಎದ್ದರು. ಅವನನ್ನು ನೋಡಲೇ ಇಲ್ಲ, ನೇರ ನನ್ನ ಹತ್ತಿರ ಬಂದರು.

"ಮೊಳಕೈ" ಅಂದರು.

ನನಗೆ ತಿಳಿಯಲಿಲ್ಲ. ನನ್ನ ಎರಡೂ ಮೊಳಕೈ ಹಿಡಿದು ಪಕ್ಕೆಯಿಂದ ಆಚೆ ಎಳೆದರು. "ನೀ ಕುಂಟಾಕತ್ತಿ, ದನಿ ಒಡದಿ, ಎಲ್ಲಾ ಖರೆ. ಆದ್ರ ಮೊಳಕೈ ಇನ್ನಾ ಹೆಣ್ಣುಡುಗೀದ ಐತಿ. ಪಕ್ಕಿಗಿ ಹಚ್ಕೊಂಡ ಕುಂತೈತಿ. ಬಸ್ಸಿನಾಗ ಕುಂತಂಗ. ನಾ ದ್ರೌಪದಿ ಮಾಡೂಮುಂದ ಸೀರಿ ಉಡೂಕಿಂತ ಮೊದ್ಲ ಮೊಳಕೈ ಒಳಗ ತಗೋತಿದ್ನಿ. ಅರ್ಧಾ ಹೆಣ್ಣು ಅಲ್ಲೇ ಆಗ್ತಿತ್ತು. ನೀ ಅದನ್ನ ತಿರುಗಾಮುರುಗಾ ಮಾಡು. ಗಂಡಸು ಜಾಗಾ ಕೇಳಂಗಿಲ್ಲ, ತಗೋತಾನ."

ಮಾಡಿದೆ. ಮೊಳಕೈ ಆಚೆ ಹೋದ ಕೂಡಲೇ ಭುಜ ಅಗಲವಾಯಿತು, ಕುತ್ತಿಗೆ ಕೆಳಗೆ ಇಳಿಯಿತು. ದಾಳ ಹಿಡಿದ ಕೈಗೆ ಎಲ್ಲಿಂದಲೋ ಭಾರ ಬಂತು. ಕುಂಟುವ ಕಾಲು ಕೂಡ ಬೇರೆ ತರ ಬಿತ್ತು. ಇಷ್ಟು ದಿನ ನಾನು ಕಾಲಿನಿಂದ ಶಕುನಿಯನ್ನು ಹುಡುಕುತ್ತಿದ್ದೆ.

ಅದೇ ಭಂಗಿಯಲ್ಲಿ ದುರ್ಯೋಧನನ ಕಡೆ ನಡೆದೆ. ಅವನು ಕೈ ಎತ್ತೋದನ್ನು ಕಾಯಲಿಲ್ಲ. ನಾನೇ ಅವನ ಹೆಗಲ ಮೇಲೆ ಕೈ ಹಾಕಿ, ಕಿವಿ ಹತ್ತಿರ ಬಾಗಿ, ನನ್ನ ಮಾತು ಶುರು ಮಾಡಿದೆ. ಅವನು ಒಂದು ಸಲ ಬೆಚ್ಚಿದ. ಆಮೇಲೆ ಮಾವನಿಗೆ ಅಳಿಯ ಹೇಗೆ ಉತ್ತರ ಕೊಡಬೇಕೋ ಹಾಗೆ ಕೊಟ್ಟ, ಕೈಯೂ ತಾನಾಗಿ ಬಂತು. ದೃಶ್ಯ ಕೊನೆಯವರೆಗೆ ಓಡಿತು. ಮಾಸ್ತರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು, "ಇದನ್ನ ಹಿಂಗ ಇಟ್ಕೊಳ್ಳೂಣು" ಅಂದರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಕಾಕಾ ತಪ್ಪು ಹೇಳುತ್ತಲೇ ಬಂದರು. ನಗು ಲಗೂನೆ ಬರುತ್ತೆ, ಕೊನೆ ಅಕ್ಷರ ನುಂಗುತ್ತೀಯಾ, ದಾಳವನ್ನು ಸುಮ್ನೆ ಅಲ್ಲಾಡಿಸಬೇಡ. ಒಪ್ಪಿಕೊಂಡರು ಅಂದುಕೊಂಡೆ. ಮನೆ ಹತ್ತಿರ ಬಂದಾಗ, "ಎಲ್ಲಾ ಸರಿ, ಹ್ಯಾಂಡಬಿಲ್ನಾಗ ಮಾತ್ರ ಮನಿತನದ ಹೆಸರು ಹಾಕಸಬ್ಯಾಡ" ಅಂದರು. ಅವ್ವ ಒಳಗಿನಿಂದಲೇ, "ನಿಮ್ಮ ಸೀರಿ ಫೋಟೋ ಪಡಸಾಲ್ಯಾಗ ಇರೂತನಾ ಆಕಿ ಹೆಸರೂ ಇರತೈತ್ರಿ" ಅಂದಳು. ಕಾಕಾ ಚಹಾ ಕುಡಿಯೋದರಲ್ಲಿ ಮಗ್ನರಾದರು.

ಮಧ್ಯಾಹ್ನ ಪ್ರೆಸ್ಸಿನಿಂದ ಹ್ಯಾಂಡ್‌ಬಿಲ್ಲಿನ ಕರಡು ವಾಟ್ಸಾಪಿಗೆ ಬಂತು. ನನ್ನ ಹೆಸರು ಮನೆತನದ ಹೆಸರಿನ ಸಮೇತ ಇದೆ. ಆದರೆ 'ಸ್ತ್ರೀ ಪಾತ್ರಗಳು' ಅನ್ನೋ ಪಟ್ಟಿಯಲ್ಲಿ, ಉತ್ತರೆಯ ಕೆಳಗೆ: ಶಕುನಿ. ಫೋನ್ ಮಾಡಿದೆ. ಪ್ರೆಸ್ಸಿನವರಿಗೆ ನಿಜವಾಗಿಯೂ ಗೊಂದಲ. "ಮೇಡಂ, ಪಾತ್ರ ಗಂಡಸಿಂದು, ಮಾಡೂರು ನೀವು. ಯಾವ ಪಟ್ಟಿಗೆ ಹಾಕ್ಲಿ ನೀವ ಹೇಳ್ರಿ." ಪಟ್ಟಿ ಒಡೆಯೋದೇ ಬೇಡ, ಎಲ್ಲ ಪಾತ್ರಗಳನ್ನೂ ಒಂದೇ ಸಾಲಿನಲ್ಲಿ ಹಾಕಿ ಅಂದೆ. "ಹಂಗ ಯಾರೂ ಹಾಕ್ಸಂಗಿಲ್ರೀ" ಅಂದರು. ಮಾಸ್ತರನ್ನು ಕೇಳಿ ನಾಳೆ ಹೇಳುತ್ತೇನೆ ಅಂದಿದ್ದೇನೆ. ಕೇಳೋದೇನು, ಹೇಳೋದೇ.

ನಾಳೆ ಆರಕ್ಕೆ ಎರಡನೇ ಅಂಕ. ಕಾಕಾ ದವಾಖಾನೆಗೆ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಭೀಮನನ್ನು ಆರಕ್ಕೆ ಎಬ್ಬಿಸುವ ಜವಾಬ್ದಾರಿ ತಮಗೆ ಬಿಡಿ ಅಂತ ಮಾಸ್ತರಿಗೆ ಹೇಳಿ ಬಂದಿದ್ದಾರಂತೆ. ಅವನ ಮನೆ ವಿಳಾಸ ನನ್ನ ಹತ್ತಿರ ಕೇಳುತ್ತಿದ್ದಾರೆ.