ಕಾಯಿ ಇಲ್ಲದ 38 ನಂಬರು

ಅಲಿಸಿಕಾರ್ಪಸ್ ಅವರೆ ಕುಟುಂಬದ ಸಣ್ಣ ಗಿಡಗಳ ಒಂದು ಕುಲ; ಅಲಿಸಿಕಾರ್ಪಸ್ ಅಂದರೆ ಗ್ರೀಕಿನಲ್ಲಿ ಸರಪಳಿ ಕಾಯಿ. ಕಾಯಿ ನೋಡಿ ಗುರುತಿಸಬೇಕು ಎಂದು ಹೆಸರೇ ಹೇಳುತ್ತದೆ. ಆದರೂ ಆಗಸ್ಟ್ ಕೊನೆಗೆ, ಮಘಾ ಮಳೆಯಲ್ಲಿ, ಬೆಳಗಾವಿ–ಖಾನಾಪುರ ಕಡೆಯ ಬದುಗಳಿಂದ ಬಾದಾಮಿ ಮಡ್ಡಿಯವರೆಗೆ ತಿರುಗಿ ತಂದ 38 ನಂಬರುಗಳಲ್ಲಿ (ಒಂದು ಜಾಗದಲ್ಲಿ ಒಮ್ಮೆ ಕಿತ್ತ ಗಿಡಗಳಿಗೆ ಒಂದು ನಂಬರು) ಬಲಿತ ಕಾಯಿ ಒಂದರಲ್ಲೂ ಇರಲಿಲ್ಲ. ಹೂ ಚೆನ್ನಾಗಿದ್ದವು, ಅಷ್ಟು ಸಾಕು ಅಂದುಕೊಂಡಿದ್ದೆ.

ನನ್ನ ಸಂಶೋಧನೆಯ ಗೈಡ್, ಗಿಡ ಒತ್ತಿ ಒಣಗಿಸುವ ಪ್ರೆಸ್ ಬಿಚ್ಚಿಸಿ, ಲೆನ್ಸ್ ಹಿಡಿದು, ಐದಾರು ಹಾಳೆ ತಿರುವಿ ಕೇಳಿದ್ದು ಇಷ್ಟೇ: "ಕಾಯಿ ಎಲ್ಲಿ ಅದಾವು?" ನಾನು ಎಲೆ ನೋಡಿ ಎರಡು ಗುಂಪು ಮಾಡಿದ್ದೆ: ದುಂಡೆಲೆಯದು, ಉದ್ದೆಲೆಯದು. ಎರಡನೇ ಗುಂಪಿನ ಚೀಟಿಗಳ ಮೇಲೆ ಪೆನ್ಸಿಲ್ಲಿನಲ್ಲಿ 'ಹೊಸದು?' ಅಂತಲೂ ಬರೆದಿದ್ದೆ. ಅವರು ಬೇರುಸಹಿತ ಇದ್ದ ಒಂದು ಗಿಡವನ್ನು ಮೇಜಿನ ಮೇಲಿಟ್ಟರು. ಬುಡದಲ್ಲಿ ದುಂಡೆಲೆ, ತುದಿಯಲ್ಲಿ ಭರ್ಚಿಯಂಥ ಉದ್ದೆಲೆ. ನನ್ನ ಎರಡೂ ಗುಂಪು ಒಂದೇ ಗಿಡದಲ್ಲಿದ್ದವು. ಮುಂದಿನ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನಾನು ಪೆನ್ಸಿಲ್ ಗುರುತು ಅಳಿಸುತ್ತಾ ಕೂತೆ.

ಈ ಕುಲದ ಕೀಲಿಯಲ್ಲಿ, ಅಂದರೆ ಪ್ರಭೇದ ಗುರುತಿಸುವ ಪ್ರಶ್ನಾವಳಿಯಲ್ಲಿ, ಮುಖ್ಯ ಪ್ರಶ್ನೆ ಮೂರು. ಪುಷ್ಪಪಾತ್ರೆ (ಹೂವಿನ ಬುಡದ ಹಸಿರು ಬಟ್ಟಲು) ಕಾಯಿಯ ಮೊದಲ ಗೆಣ್ಣಿಗಿಂತ, ಅಂದರೆ ಸರಪಳಿಯ ಮೊದಲ ಕೊಂಡಿಗಿಂತ, ಉದ್ದವೋ ಗಿಡ್ಡವೋ? ಗೆಣ್ಣುಗಳ ನಡುವೆ ಕಾಯಿ ಸಣ್ಣದಾಗುತ್ತದೋ ಇಲ್ಲವೋ? ಗೆಣ್ಣಿನ ಮೈ ನುಣುಪೋ, ಅಡ್ಡಗೆರೆಯದೋ? ಉದಾಹರಣೆಗೆ ಇದರ ಮೂರು ಪ್ರಭೇದ ನೋಡಿ. ವ್ಯಾಜಿನಾಲಿಸ್‌ನ ಪುಷ್ಪಪಾತ್ರೆ ಗಿಡ್ಡ, ಕಾಯಿ ನಡುವೆ ಇಕ್ಕಟ್ಟಾಗುವುದಿಲ್ಲ. ಮೊನಿಲಿಫರ್‌ನದು ಮಣಿ ಪೋಣಿಸಿದಂತೆ. ರುಗೋಸಸ್‌ನದು ಉದ್ದ ಪುಷ್ಪಪಾತ್ರೆ, ಗೆಣ್ಣಿನ ಮೇಲೆ ಅಡ್ಡಗೆರೆ. ಎಳೆ ಕಾಯಿ ಈ ಮೂರಕ್ಕೂ ಸುಳ್ಳು ಉತ್ತರ ಕೊಡುತ್ತದೆ. ಮೊದಲ ಗೆಣ್ಣು ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಗಿಡ್ಡ ಪುಷ್ಪಪಾತ್ರೆಯೂ ಉದ್ದ ಕಾಣುತ್ತದೆ. ಪ್ರೆಸ್ಸಿನಲ್ಲಿ ಒಣಗಿದಾಗ ಮೈ ಮುದುಡಿ ಇಲ್ಲದ ಗೆರೆ ಮೂಡುತ್ತದೆ. ಆದ್ದರಿಂದ ಎಳೆ ಕಾಯಿ ಇರುವುದಕ್ಕಿಂತ ಕಾಯಿಯೇ ಇಲ್ಲದಿರುವುದು ವಾಸಿ.

ಈಗ ಹಸ್ತಾ, ಚಿತ್ತಾ ಮಳೆ ಮುಗಿದ ಮೇಲೆಯೇ ಹೊರಡುತ್ತೇನೆ. ಒಂದು ನಂಬರಿಗೆ ನಾಲ್ಕು ಪ್ರತಿ, ಎಲ್ಲವೂ ಬೇರುಸಹಿತ, ವಾರ್ಷಿಕವೋ ಬಹುವಾರ್ಷಿಕವೋ ಅಂತ ಬೇರಿಲ್ಲದೆ ತಿಳಿಯದು. ಹೂವಿನ ಬಣ್ಣ ಫೀಲ್ಡ್ ಬುಕ್ಕಿಗೆ ಅಲ್ಲೇ ಏರಬೇಕು, ಒಣಗಿದರೆ ಹೋಗುತ್ತದೆ. ನಾಲ್ಕಾರು ಹೂ ಶೇ. 70ರ ಆಲ್ಕೋಹಾಲಿನಲ್ಲಿ. ಬಲಿತ ಕಾಯಿ ಗೆಣ್ಣುಗೆಣ್ಣಿಗೆ ಮುರಿದು ಉದುರುತ್ತದೆ; ಪೇಪರ್ ಬದಲಿಸುವಾಗ ಹಳೇ ಪೇಪರ್ ಝಾಡಿಸದೆ, ಉದುರಿದ್ದನ್ನೆಲ್ಲ ಪೊಟ್ಟಣ ಕಟ್ಟಿ ನಂಬರ್ ಬರೆದು ಅದೇ ಹಾಳೆಗೆ ಅಂಟಿಸಬೇಕು. ಮೊದಲ ಗೆಣ್ಣು ಉದುರದೆ ಪುಷ್ಪಪಾತ್ರೆಯೊಳಗೇ ಉಳಿದಿರುವ ಕಾಯಿ ಹತ್ತಾದರೂ ಬೇಕು, ಅಳತೆ ಅದರದ್ದೇ.

ಎರಡನೇ ಟೂರಿನ ಬಿಲ್ಲಿಗೆ ಆಫೀಸಿನವರು "ಒಂದೇ ಗಿಡಕ್ಕೆ ಎರಡು ಸಲ ಯಾಕೆ?" ಎಂದು ಷರಾ ಬರೆದರು. ಹೂವಿಗೊಮ್ಮೆ, ಕಾಯಿಗೊಮ್ಮೆ ಎಂಬ ಉತ್ತರ ಅವರಿಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮಂಜೂರಾತಿ ಬರುವಷ್ಟರಲ್ಲಿ ಬದುಗಳ ಹುಲ್ಲು ಮೇವಿಗೆ ಕೊಯ್ದಾಗಿತ್ತು, ಮಡ್ಡಿಯಲ್ಲಿ ಆಡು ಮೇಯ್ದಿದ್ದವು. 38ರಲ್ಲಿ 17 ಜಾಗದಲ್ಲಷ್ಟೇ ಗಿಡ ಸಿಕ್ಕಿತು.

ಲೆಕ್ಟೊಟೈಪ್, ಅಂದರೆ ಹೆಸರಿಟ್ಟವರ ಹಳೇ ಮಾದರಿಗಳಲ್ಲಿ ಆ ಹೆಸರಿಗೆ ಆಧಾರವಾಗುವ ಒಂದನ್ನು, ಆರಿಸುವಾಗಲೂ ಇದೇ ಸಂಕಟ. ಪರದೆಯ ಮೇಲಿನ ಚಿತ್ರದಲ್ಲಿ ಕಾಯಿ ಪೊಟ್ಟಣದೊಳಗೆ ಅಡಗಿರುತ್ತದೆ. ಪೊಟ್ಟಣ ಬಿಚ್ಚಿ ಫೋಟೋ ಕಳಿಸಿ ಎಂದು ಆ ಹಾಳೆ ಇರುವ ಹರ್ಬೇರಿಯಮ್ಮಿಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಪತ್ರ ಬರೆಯದೆ ನಿರ್ಧರಿಸಬಾರದು. ಬರಹದಲ್ಲಿ 'ಇಲ್ಲಿ ನಿಗದಿಪಡಿಸಲಾಗಿದೆ' ಎಂಬರ್ಥದ ಮಾತು ಸ್ಪಷ್ಟವಾಗಿರಬೇಕು. 2001ರ ಜನವರಿ 1ರಿಂದ ಅದಿಲ್ಲದ ಆಯ್ಕೆ ಸಿಂಧುವಾಗುವುದಿಲ್ಲ.

ಹಳೇ ಲೇಬಲ್ಲುಗಳ ಊರನ್ನು ನಂಬಿ ನಕ್ಷೆಯಲ್ಲಿ ಚುಕ್ಕೆ ಇಡಬೇಡಿ. 19ನೇ ಶತಮಾನದ ಸಂಗ್ರಾಹಕರಾದ ಸ್ಟಾಕ್ಸ್, ಲಾ ಅವರ ಸಂಗ್ರಹದ ಹಾಳೆಗಳಲ್ಲಿ 'ಮಲಬಾರ್, ಕೊಂಕಣ, ಇತ್ಯಾದಿ' ಎಂದು ಅಚ್ಚಾಗಿದೆ, ಅಷ್ಟೇ. 1997ಕ್ಕಿಂತ ಹಿಂದಿನ 'ಬಿಜಾಪುರ ಜಿಲ್ಲೆ' ಇಂದಿನ ಬಾಗಲಕೋಟೆಯೂ ಆಗಿರಬಹುದು. 2014ರ ನವೆಂಬರ್ 1ರಿಂದ ನಮ್ಮೂರು ಬೆಳಗಾವಿ, ಆದರೆ ಸಸ್ಯಶಾಸ್ತ್ರಜ್ಞ ವೈಟ್ ಇಟ್ಟ ಅಲಿಸಿಕಾರ್ಪಸ್ ಬೆಲ್ಗಾಮೆನ್ಸಿಸ್ ಎಂಬ ಹೆಸರು ಹಾಗೇ ಉಳಿಯುತ್ತದೆ. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಊರಿನ ಸಾಲಿನಲ್ಲಿ ಮಾತ್ರ ಲೇಬಲ್ಲಿನಲ್ಲಿದ್ದ ಹಾಗೆ ಬರೆದು, ಪಕ್ಕದಲ್ಲಿ ಇಂದಿನ ಹೆಸರು ಕೊಡುತ್ತೇನೆ.

ಉಳಿದ 21 ನಂಬರು ಬೀರುವಿನಲ್ಲಿವೆ. ಮೇಲೆ 'ಕಾಯಿ ಇಲ್ಲ' ಎಂದು ಬರೆದಿದೆ. ಪರಿಶೀಲಿಸಿದ ಮಾದರಿಗಳ ಪಟ್ಟಿಗೆ ಅವನ್ನು ಸೇರಿಸಿಲ್ಲ.