ಒಲೆಗೆ ಹಾಕೋ ಮೊದಲು ಒಂದು ಕುದಿ

ಖಾನಾಪುರದಲ್ಲಿ ಅಪ್ಪನ ಬಡಿಗತನದ ಅಂಗಡಿ ಈಗ ತಮ್ಮನ ಕೈಯಲ್ಲಿದೆ. ನಾನು ಬೆಳಗಾವಿಯಲ್ಲಿ ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಊರಿಗೆ ಹೋದಾಗಲೆಲ್ಲ ಒಂದು ಚೀಲ ಮರದ ಹೊಟ್ಟು ಕಟ್ಟಿಕೊಂಡು ಬರುತ್ತೇನೆ. "ಹೊಟ್ಟು ಕುದಿಸಿ ಏನ್ ಮಾಡ್ತಿ ಅಕ್ಕಾ?" ಅಂತ ತಮ್ಮ ಕೇಳುತ್ತಿದ್ದ.

ನಮ್ಮ ಮನೆಯಲ್ಲಿ ಹೊಟ್ಟಿಗೆ ಇದ್ದದ್ದು ಒಂದೇ ಕೆಲಸ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲಗೆ ತಿರುವಿ ತೆಗೆದರೆ ಒಲೆ ಸಿದ್ಧ. ಸ್ನಾನದ ನೀರು ಅದರಲ್ಲೇ ಕಾಯುತ್ತಿತ್ತು. ಸುಡೋದು ತಪ್ಪಲ್ಲ. ಆದರೆ ಸುಡೋ ಮೊದಲು ಅದರೊಳಗಿನ ಬಣ್ಣ, ಒಗರು ತೆಗೆದುಕೊಳ್ಳಬಹುದಲ್ವಾ?

ಮರದ ಬಹುಪಾಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಉಳಿದ ಸ್ವಲ್ಪ ಪಾಲಿನಲ್ಲಿ ಹುಳ, ಗೆದ್ದಲಿನಿಂದ ಮರವನ್ನು ಕಾಯುವ ಸರಕು ಇರುತ್ತದೆ. ಹಲಸಿನ ಕೆಚ್ಚಿನಲ್ಲಿ ಮೋರಿನ್ ಎಂಬ ಹಳದಿ. ಸಾಗವಾನಿಯಲ್ಲಿ ಟೆಕ್ಟೋಕ್ವಿನೋನ್. ಹೊನ್ನೆಯಲ್ಲಿ ಟೆರೋಸ್ಟಿಲ್ಬೀನ್. ಹೊನ್ನೆಯ ಹೊಟ್ಟು ಒಂದು ಚಿಟಿಕೆ ಗಾಜಿನ ಲೋಟದ ನೀರಿಗೆ ಹಾಕಿ, ಬಿಸಿಲಿಗೆ ಹಿಡಿದು ನೋಡಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅಂಚಿನಲ್ಲಿ ಮಾತ್ರ ನೀಲಿ ಹೊಳೆಯುತ್ತದೆ. ಹುಡುಗರು ಸುಮ್ನೆ ನಿಂತು ನೋಡುತ್ತಾರೆ. ಹೊನ್ನೆ ಮರದ ಲೋಟದಲ್ಲಿಟ್ಟ ನೀರನ್ನು ಸಕ್ಕರೆ ಕಾಯಿಲೆಗೆ ಕುಡಿಯುವವರಿದ್ದಾರೆ. ಅದನ್ನು ನಂಬಿ ಗುಳಿಗೆ ಮಾತ್ರ ಬಿಡಬೇಡಿ.

ನಾನು ಎಂಎಸ್ಸಿ ಓದುವಾಗ ಇಂಥದ್ದನ್ನೆಲ್ಲ ತೆಗೆಯುತ್ತಿದ್ದದ್ದು ದ್ರಾವಕಗಳಲ್ಲಿ, ಅಂದರೆ ಕರಗಿಸಿಕೊಳ್ಳುವ ದ್ರವಗಳಲ್ಲಿ: ಮೊದಲು ಹೆಕ್ಸೇನ್‌ನಲ್ಲಿ, ಆಮೇಲೆ ಮೆಥನಾಲ್‌ನಲ್ಲಿ. ಲ್ಯಾಬಿನ ಹೊಗೆ ಎಳೆಯುವ ಫ್ಯಾನು ಕೆಟ್ಟು ಕೂತಿತ್ತು. ಸಂಜೆಗೆ ತಲೆ ಸಿಡಿಯುತ್ತಿತ್ತು. ಹೆಕ್ಸೇನ್ ಉಸಿರಾಡುತ್ತಾ ಹೋದರೆ ಕೈಕಾಲಿನ ನರ ಕೆಡುತ್ತವೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಹೋಗಿಲ್ಲ. ಅದಕ್ಕೇ ಈಗ ನನ್ನ ಪಾತ್ರೆಗೆ ಬೀಳೋದು ನೀರು ಮಾತ್ರ.

ಮೊದಲ ಸಲ ಹಲಸಿನ ಹೊಟ್ಟನ್ನು ಅವ್ವನ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಹಳದಿ ಬರಬೇಕಾದ ನೂಲು ಪಾಚಿ ಬಣ್ಣಕ್ಕೆ ತಿರುಗಿತು. ಕಬ್ಬಿಣ ಆ ಬಣ್ಣದ ಜೊತೆ ಸೇರಿ ಕಪ್ಪು ಮಾಡಿಬಿಡುತ್ತದೆ. ಮುಂದಿನ ಸಲ ಸ್ಟೀಲ್ ಪಾತ್ರೆ ತೆಗೆದುಕೊಂಡೆ. 100 ಗ್ರಾಂ ಹೊಟ್ಟು, ಎರಡು ಲೀಟರ್ ನೀರು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಒಂದು ತಾಸು ಇಟ್ಟು, ಹಳೆ ಧೋತರದಲ್ಲಿ ಸೋಸಿದೆ. ಹತ್ತಿ ನೂಲಿಗೆ ಬಣ್ಣ ಸುಲಭಕ್ಕೆ ಹಿಡಿಯೋದಿಲ್ಲ. ಮೊದಲು ಅಳಲೆಕಾಯಿ ನೀರಲ್ಲಿ, ಆಮೇಲೆ ಪಟಕದ ನೀರಲ್ಲಿ ಅದ್ದಬೇಕು. ಆಗ ಬಂತು ನೋಡಿ, ಅರಿಶಿನಕ್ಕಿಂತ ಒಂದಿಷ್ಟು ಮಾಗಿದ ಹಳದಿ. ಸೋಸಿ ಉಳಿದ ಹೊಟ್ಟನ್ನು ಒಣಗಿಸಿ ಒಲೆಗೇ ಹಾಕಿದೆ. ಉರಿ ಏನೂ ಕಡಿಮೆ ಅನ್ನಿಸಲಿಲ್ಲ.

ಇದು ಹೊಸದೇನಲ್ಲ. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿಯ ತೊಗಲು ಹದ ಮಾಡೋದು ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲೇ. 2019ರಲ್ಲಿ ಆ ಚಪ್ಪಲಿಗೆ ಜಿಐ ಗುರುತು, ಅಂದರೆ ಇಂಥ ಊರಿನದು ಅನ್ನೋ ಕಾನೂನಿನ ಗುರುತು, ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿದವು.

ನೀರಿಗೆ ಎಲ್ಲವೂ ಬಿಡೋದಿಲ್ಲ, ನಿಜ. ಅಂಥದ್ದಕ್ಕೆ ಎಥನಾಲ್ ಬೆರೆಸಿದ ನೀರು ಒಳ್ಳೆಯದು. ನಮ್ಮ ಸಕ್ಕರೆ ಕಾರ್ಖಾನೆಗಳು ಕಾಕಂಬಿಯಿಂದ ತೆಗೆಯುವುದು ಅದನ್ನೇ ಅಲ್ವಾ? ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ, ಕೊಟ್ಟರೆ ನೀರಿನಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಆ ಪೆಟ್ಟಿಗೆ ಮರದ ಕೋಶದ ಗೋಡೆ ಸೀಳುತ್ತದೆ, ಬೇಗ ಕೆಲಸ ಮುಗಿಯುತ್ತದೆ. ಕಾರ್ಬನ್ ಡೈ ಆಕ್ಸೈಡನ್ನು 31 ಡಿಗ್ರಿ, ಸುಮಾರು 74 ಬಾರ್ ಒತ್ತಡ ದಾಟಿಸಿದರೆ ಅದೂ ದ್ರಾವಕವಾಗುತ್ತದೆ. ಎಣ್ಣೆಯಂಥ ಪದಾರ್ಥಕ್ಕೆ ಬಹಳ ಚೆನ್ನ, ಒಗರಿಗೆ ಅದೊಂದೇ ಸಾಲದು. ಯಂತ್ರದ ಖರ್ಚೂ ಜಾಸ್ತಿ. ಸಣ್ಣ ಊರಿನ ಅಂಗಡಿಗೆ ನೀರೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಒಂದೇ ಒಂದು ಹಟ ನನ್ನದು. ಈಗ ಅಂಗಡಿಯಲ್ಲಿ ಅರ್ಧಕ್ಕರ್ಧ ಪ್ಲೈವುಡ್ ಕೆಲಸ. ಅದರ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅದು ಕುದಿಸೋಕೂ ಬೇಡ, ಒಲೆಗೂ ಬೇಡ. ಎಲ್ಲವನ್ನೂ ಒಂದೇ ಕಡೆ ಗುಡಿಸಿಟ್ಟರೆ ಹಲಸೂ ಹಾಳು. ಇದನ್ನು ತಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ. ಹೋದ ವಾರ ಹೋದಾಗ ರಂದಾ ಮಷೀನಿನ ಪಕ್ಕ ಮೂರು ಚೀಲ ನಿಂತಿದ್ದವು. ಅವುಗಳ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವನದೇ ಅಕ್ಷರ: ಹಲಸು, ಹೊನ್ನೆ, ಪ್ಲೈ.