ತಲೆ ಸುತ್ತು ಅಂತ ಬಂದರೆ ತಲೆ ಅಲ್ಲಾಡಿಸಿ ಅಂತೀರಲ್ಲ, ಯಾಕೆ?

ನಾನು ಫಿಸಿಯೋಥೆರಪಿಸ್ಟ್. ಮಂಡಿನೋವು, ಸೊಂಟನೋವಿನವರ ಜೊತೆ ತಲೆಸುತ್ತಿನವರೂ ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಮೈಗ್ರೇನ್‌ನಿಂದ ತಲೆ ಸುತ್ತುವವರೇ ಸುಮಾರು ಜನ. ಮೊದಲ ವ್ಯಾಯಾಮ ಹೇಳಿಕೊಟ್ಟ ಕೂಡಲೇ ಜೊತೆಗೆ ಬಂದ ಗಂಡನೋ ಅತ್ತೆಯೋ ಕೇಳೇ ಕೇಳುತ್ತಾರೆ: "ಅಲ್ಲ ಮೇಡಂ, ತಲೆ ಸುತ್ತುತ್ತೆ ಅಂತ ಕರ್ಕೊಂಡು ಬಂದ್ರೆ ತಲೆ ಅಲ್ಲಾಡಿಸು ಅಂತೀರಲ್ಲ. ಜಾಸ್ತಿ ಆಗಲ್ವಾ?"

ಆಗುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ. ಆ ಸ್ವಲ್ಪ ಎಷ್ಟಿರಬೇಕು ಅನ್ನುವುದರ ಮೇಲೇ ಈ ಚಿಕಿತ್ಸೆ ನಿಂತಿದೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಮೈಗ್ರೇನ್ ಅಂದರೆ ಅರೆತಲೆನೋವು ಅಂತಷ್ಟೇ ನಮಗೆ ಗೊತ್ತು. ಆದರೆ ಕೆಲವರಿಗೆ ಅದು ತಲೆಸುತ್ತಾಗಿ ಬರುತ್ತದೆ. ಕೆಲವು ಸಲ ತಲೆನೋವೇ ಇರುವುದಿಲ್ಲ. ಇದಕ್ಕೆ ವೆಸ್ಟಿಬ್ಯುಲರ್ ಮೈಗ್ರೇನ್ ಅಂತ ಹೆಸರು. ಇದನ್ನು ಗುರುತಿಸುವುದು ಹೇಗೆ ಅಂತ ತಜ್ಞರು 2012ರಲ್ಲಿ ಒಂದು ಅಳತೆ ಹಾಕಿಕೊಟ್ಟರು. 5 ನಿಮಿಷದಿಂದ 72 ಗಂಟೆವರೆಗೆ ಇರುವ ತಲೆಸುತ್ತು ಕನಿಷ್ಠ 5 ಸಲ ಬಂದಿರಬೇಕು. ಮೈಗ್ರೇನ್ ಈಗ ಇರಬೇಕು, ಇಲ್ಲವೇ ಹಿಂದೆ ಇದ್ದಿರಬೇಕು. ಅರ್ಧದಷ್ಟು ಸಲವಾದರೂ ತಲೆನೋವೋ, ಬೆಳಕು ಮತ್ತು ಸದ್ದು ಸಹಿಸಲಾಗದ ಸ್ಥಿತಿಯೋ, ಕಣ್ಣ ಮುಂದೆ ಮಿಂಚುವುದೋ ಜೊತೆಗಿರಬೇಕು. ಬೇರೆ ಕಾಯಿಲೆ ಇಲ್ಲ ಅಂತಲೂ ಖಾತ್ರಿ ಆಗಬೇಕು. ಇದನ್ನು ಪತ್ತೆ ಮಾಡಲು ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಕೂತು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಳ್ಳುವವರು ಸಿಗುವ ಹೊತ್ತಿಗೆ ಪಿತ್ತ, ನಿಶ್ಶಕ್ತಿ, ಲೋ ಬಿಪಿ ಎಲ್ಲ ಮುಗಿದು ಎಷ್ಟೋ ಜನ ಕತ್ತಿಗೆ ಕಾಲರ್ ಹಾಕಿಕೊಂಡೇ ಬಂದಿರುತ್ತಾರೆ. ಆ ಕಾಲರ್ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲುಗಾಡಬೇಕಾದ ತಲೆಯನ್ನೇ ಕಟ್ಟಿಹಾಕಿದ ಹಾಗಾಯಿತು.

ಈಗ ಒಂದು ಕೆಲಸ ಮಾಡಿ. ಕೈ ಚಾಚಿ ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿಯಿರಿ. ತಲೆ ಅಲ್ಲಾಡಿಸದೆ ಹೆಬ್ಬೆರಳನ್ನು ಆ ಕಡೆ ಈ ಕಡೆ ಜೋರಾಗಿ ಆಡಿಸಿ. ಉಗುರು ಮಸುಕಾಗುತ್ತದೆ. ಈಗ ಹೆಬ್ಬೆರಳನ್ನು ಹಾಗೇ ಇಟ್ಟು, ತಲೆಯನ್ನು ಅಷ್ಟೇ ಜೋರಾಗಿ ಆಡಿಸಿ. ಉಗುರಿನ ಗೆರೆ ಕೂಡ ಕಾಣುತ್ತದೆ ಅಲ್ವಾ? ಇದು ಒಳಕಿವಿಯ ಕೆಲಸ. ತಲೆ ಎತ್ತ ತಿರುಗಿತು ಅಂತ ಅದು ಸುದ್ದಿ ಕಳಿಸುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಣ್ಣು ಅದರ ಎದುರು ದಿಕ್ಕಿಗೆ ಹೊರಳುತ್ತದೆ. ಕಣ್ಣಿನಿಂದಲೂ ಪಾದದಿಂದಲೂ ಬರುವ ಸುದ್ದಿಯನ್ನು ಮಿದುಳು ಇದರ ಜೊತೆ ತಾಳೆ ನೋಡುತ್ತದೆ. ಮೂರೂ ಹೊಂದಿದರೆ ನಾವು ನೆಟ್ಟಗೆ ನಿಲ್ಲುತ್ತೇವೆ.

ಮೈಗ್ರೇನ್ ಇರುವವರಲ್ಲಿ ಎಷ್ಟೋ ಸಲ ಕಿವಿಯ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಅವರ ಮಿದುಳು ಸಣ್ಣ ಅಲುಗಾಟವನ್ನೂ ದೊಡ್ಡದು ಅಂತ ಎಣಿಸುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಮನುಷ್ಯರು ಹೆದರುತ್ತಾರೆ. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾರೆ. ಬಗ್ಗಿ ರಂಗೋಲಿ ಹಾಕುವುದು ನಿಲ್ಲುತ್ತದೆ. ಬರಬರುತ್ತಾ ಕಣ್ಣನ್ನೇ ನೆಚ್ಚಿಕೊಳ್ಳುತ್ತಾರೆ. ಬಟ್ಟೆ ಅಂಗಡಿಯಲ್ಲಿ ಸೀರೆ ಮೇಲೆ ಸೀರೆ ಬಿಚ್ಚಿ ಹಾಕುತ್ತಿದ್ದರೆ ಓಲಾಡಿದ ಹಾಗಾಗುತ್ತದೆ.

ಹಾಗಾಗಿ ನಾನು ಹೊಸಬರಿಗೆ ಕೇಳುವ ಮೊದಲ ಪ್ರಶ್ನೆ ಇದು: "ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದರೆ ಗೋಡೆ ಹಿಡ್ಕೋತೀರಾ?" ಒಬ್ಬ ಶಿಕ್ಷಕಿ ಈ ಪ್ರಶ್ನೆ ಕೇಳಿ ಅತ್ತೇ ಬಿಟ್ಟರು. ಎರಡು ವರ್ಷದಿಂದ ಬಚ್ಚಲಿನ ಬಾಗಿಲು ಚಿಲಕ ಹಾಕದೆ ಸ್ನಾನ ಮಾಡುತ್ತಿದ್ದರಂತೆ. ಯಾರಿಗೂ ಹೇಳಿರಲಿಲ್ಲ.

ಮಿದುಳಿಗೆ ಅಲುಗಾಟದ ಪರಿಚಯ ಮತ್ತೆ ಮಾಡಿಸಬೇಕು. ಇದು ಹೊಸ ವಿಚಾರ ಏನಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥೋರ್ನ್ ಅನ್ನುವ ಕಿವಿ ತಜ್ಞರು ಮತ್ತು ಕುಕ್ಸಿ ಅನ್ನುವ ವೈದ್ಯರು ತಲೆಗೆ ಪೆಟ್ಟು ಬಿದ್ದು ತಲೆ ಸುತ್ತುವವರಿಗೆ ಕಣ್ಣು, ತಲೆ, ಮೈ ಆಡಿಸುವ ವ್ಯಾಯಾಮ ಶುರು ಮಾಡಿದರು. ಅಲ್ಲಾಡದೆ ಮಲಗಿದವರಿಗಿಂತ ಓಡಾಡಿದವರು ಬೇಗ ಚೇತರಿಸಿಕೊಳ್ಳುವುದನ್ನು ಅವರು ಕಂಡಿದ್ದರು. ಇಂದಿನ ವ್ಯಾಯಾಮಗಳ ಬೇರು ಅಲ್ಲೇ ಇದೆ.

ನಾನು ಪೋಸ್ಟ್‌ಕಾರ್ಡಿನ ಮೇಲೆ ದಪ್ಪಗೆ "ಕ" ಅಂತ ಬರೆದು ಕೊಡುತ್ತೇನೆ. ಕುರ್ಚಿಯಲ್ಲಿ ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಗೋಡೆಗೆ ಅಂಟಿಸಬೇಕು. ಒಂದು ತೋಳಿನಷ್ಟು ದೂರ. ಅಕ್ಷರದ ಮೇಲೇ ಕಣ್ಣಿಟ್ಟು, "ಬೇಡ" ಅನ್ನುವಾಗ ಆಡಿಸುತ್ತೇವಲ್ಲ, ಹಾಗೆ ತಲೆ ಆಡಿಸಬೇಕು. ಅಕ್ಷರ ಕದಡಿದರೆ ವೇಗ ಕಡಿಮೆ ಮಾಡಬೇಕು. ಒಂದು ಕಡೆಯ ಒಳಕಿವಿಗೆ ಹಾನಿಯಾಗಿ ಬಹಳ ದಿನವಾದವರಿಗೆ ಇಂಥ ವ್ಯಾಯಾಮವನ್ನು ದಿನಕ್ಕೆ 20 ನಿಮಿಷವಾದರೂ ಮಾಡಿಸುತ್ತೇವೆ. ಮೈಗ್ರೇನಿನವರಿಗೆ ನಾನು ಶುರು ಮಾಡುವುದು 20 ಸೆಕೆಂಡಿನಿಂದ. ದಿನಕ್ಕೆ ಮೂರು ಸಲ, ಅಷ್ಟೇ.

ಇಲ್ಲೇ ಜನ ಎಡವುವುದು. ಯೂಟ್ಯೂಬ್ ನೋಡಿ ಮೊದಲ ದಿನವೇ ಹತ್ತು ನಿಮಿಷ ಮಾಡುತ್ತಾರೆ. ಸಂಜೆಗೆ ಮೈಗ್ರೇನ್ ಕೆರಳುತ್ತದೆ. "ವ್ಯಾಯಾಮ ನನಗೆ ಆಗಿ ಬರಲ್ಲ" ಅಂತ ಬಿಟ್ಟೇ ಬಿಡುತ್ತಾರೆ. ನನ್ನ ಲೆಕ್ಕ ಹೀಗಿದೆ. ಶುರು ಮಾಡುವ ಮುಂಚೆ ತಲೆಸುತ್ತು ಎಷ್ಟಿದೆ ಅಂತ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟುಕೊಳ್ಳಿ. ವ್ಯಾಯಾಮದಿಂದ ಅದು ಎರಡು ಅಂಕ ಏರಬಹುದು, ಅದಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ನಿಮಿಷದಲ್ಲಿ ಮೊದಲಿನ ಅಂಕಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ನಾಳೆ ಅರ್ಧ ಮಾಡಿ. ಎರಡೂ ಅಂಕ ಏರುತ್ತಿಲ್ಲ, ಆರಾಮಾಗಿದೆ ಅಂದರೆ ಮುಂದಿನ ಮೆಟ್ಟಿಲು: ನಿಂತು ಮಾಡುವುದು, ಆಮೇಲೆ ಮಡಚಿದ ಜಮಖಾನದ ಮೇಲೆ ನಿಂತು ಮಾಡುವುದು, ಆಮೇಲೆ ಹೂವಿನ ಪರದೆಗೆ ಕಾರ್ಡ್ ಸಿಕ್ಕಿಸಿ ಮಾಡುವುದು. ನಿಂತು ಮಾಡುವಾಗ ಹಿಂದೆ ಗೋಡೆ, ಮುಂದೆ ಕುರ್ಚಿ ಇರಲಿ.

ಮೈಗ್ರೇನ್ ಕೆರಳಿದ ದಿನ ವ್ಯಾಯಾಮ ಬೇಡ, ಮಲಗಿ. ವಾರದಲ್ಲಿ ಮೂರು ಸಲ ಕೆರಳುತ್ತಿದ್ದರೆ ಮೊದಲು ನರರೋಗ ತಜ್ಞರ ಹತ್ತಿರ ಹೋಗಿ, ಬರದಂತೆ ತಡೆಯುವ ಮಾತ್ರೆ ಬೇಕಾ ಕೇಳಿ. ಸುತ್ತು ಅದುಮುವ ಮಾತ್ರೆಗಳು ಬೇರೆ. ಅವು ಜೋರಾಗಿ ಸುತ್ತುವ ಎರಡು ಮೂರು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಕಲಿಯುವುದು ನಿಧಾನವಾಗುತ್ತದೆ. ಹಾಗಂತ ಸುಮ್ನೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ನಿದ್ದೆ, ಊಟದ ಹೊತ್ತು ತಪ್ಪಬಾರದು. ಆ ಶಿಕ್ಷಕಿಗೆ ಪ್ರತಿ ತಿಂಗಳೂ ಸಂಕಷ್ಟಿಯ ಮಾರನೇ ದಿನ ಸುತ್ತು ಬರುತ್ತಿತ್ತು. ಚಂದ್ರ ಕಾಣುವವರೆಗೆ ಬರೀ ನೀರು. ಉಪವಾಸ ಬಿಡಿ ಅಂತ ನಾನು ಹೇಳಲಿಲ್ಲ. ಮೂರು ಗಂಟೆಗೊಮ್ಮೆ ಹಣ್ಣು, ಹಾಲು ತಗೊಳ್ಳಿ ಅಂದೆ, ಒಪ್ಪಿದರು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಒಂದು ನಿಮಿಷದೊಳಗೆ ಸುತ್ತಿ ನಿಲ್ಲುವುದಾದರೆ ಅದು ಬೇರೆಯೇ ತೊಂದರೆ ಇರಬಹುದು. ಒಳಕಿವಿಯ ಸಣ್ಣ ಹರಳು ಜಾರಿರುತ್ತದೆ. ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸುವ ವಿಧಾನ ಇದೆ, "ಕ" ಕಾರ್ಡ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಸುತ್ತಿ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಎಷ್ಟು ದಿನ ಬೇಕು ಅಂತಲೂ ಕೇಳುತ್ತಾರೆ. ನಾನು ಎರಡು ಮೂರು ತಿಂಗಳು ಅನ್ನುತ್ತೇನೆ. ಮೈಗ್ರೇನ್ ಆಮೇಲೂ ಬರಬಹುದು. ಬಂದು ಹೋದ ಮೇಲೆ ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡಬೇಕು. ಆ ಶಿಕ್ಷಕಿಯ ಅಡುಗೆಮನೆಯಲ್ಲಿ ಕಾರ್ಡ್ ಇನ್ನೂ ಇದೆಯಂತೆ, ಅಂಚಿಗೆ ಅರಿಶಿನದ ಕಲೆ ಆಗಿದೆಯಂತೆ. ಹೋದ ತಿಂಗಳು ಜೋರಾಗಿ ಒಂದು ಸಲ ಬಂತು ಅಂತ ಫೋನ್ ಮಾಡಿದ್ದರು. ನಾನು ಏನೂ ಹೇಳುವ ಮುಂಚೆಯೇ ಅವರೇ ಅಂದರು, "ನಾಳೆಯಿಂದ ಕೂತ್ಕೊಂಡು, ಇಪ್ಪತ್ತು ಸೆಕೆಂಡು, ಸರಿನಾ ಮೇಡಂ?"